ಫಕ್ರುಸಾಬರ ಕೆಂಪು ಬೊಟ್ಟು

ದಡ ಇನ್ನು ಹತ್ತೇ ಹೆಜ್ಜೆ ಎನ್ನುವಾಗ ಫಕ್ರುಸಾಬರು ಸಮುದ್ರದಲ್ಲಿ ಕೂತುಬಿಟ್ಟರು.

ಕೂರುವ ಇರಾದೆ ಅವರಿಗೆ ಇರಲಿಲ್ಲ. ಆ ದ್ವೀಪದ ದಡಕ್ಕೆ ದೋಣಿ ತಾಗುವುದಿಲ್ಲ. ಕೊನೆಗೆ ಮೊಣಕಾಲುದ್ದ ನೀರಿಗಿಳಿದು ನಡೆಯಬೇಕು. ದೋಣಿಯವನು ಆಸರೆಗೆಂದು ಕೈ ಚಾಚಿದ. ಫಕ್ರುಸಾಬರು ಆ ಕೈಯನ್ನು ನೊಣ ಓಡಿಸಿದಂತೆ ಸರಿಸಿದರು. “ಬ್ಯಾಡಪಾ, ನಾ ಕಲ್ಲಿನ ಮನಶ್ಯಾ” ಎಂದರು. ನೀರಿನಿಂದ ತಲೆ ಎತ್ತಿದ್ದ ಒಂದು ಕರಿಗಲ್ಲನ್ನು ಆರಿಸಿ, ಹಿಮ್ಮಡಿಯಿಂದ ಎರಡು ಸಲ ಕುಟ್ಟಿ, ಕಿವಿಗೊಟ್ಟು ಆಲಿಸಿ, “ಪಕ್ಕಾ ಐತಿ” ಎಂದು ತೀರ್ಪು ಕೊಟ್ಟು, ಎರಡೂ ಕಾಲಿಟ್ಟು ನಿಂತರು. ಕಲ್ಲು ಪಕ್ಕಾ ಇತ್ತು. ಅದರ ಮೇಲಿನ ಪಾಚಿ ಆ ತೀರ್ಪಿಗೆ ಒಪ್ಪಲಿಲ್ಲ. ಐವತ್ತು ವರ್ಷ ಕಲ್ಲಿನ ಮೇಲೆ ಕೂತು ಉಂಡ ಮನುಷ್ಯ ಕ್ಷಣಾರ್ಧದಲ್ಲಿ ಕಲ್ಲಿನ ಮೇಲಿಂದ ಜಾರಿ, ಎದೆಮಟ್ಟ ನೀರಿನಲ್ಲಿ, ಟೋಪಿ ಮಾತ್ರ ನೆಟ್ಟಗಿಟ್ಟುಕೊಂಡು ಕೂತರು. ನೀರಿಗಿಳಿದದ್ದು ಅವರಾದರೂ ಮಾನ ನಮ್ಮೆಲ್ಲರದ್ದೂ ಇಳಿಯಿತು.

ಅದೇ ದೋಣಿಯಲ್ಲಿದ್ದ, ದ್ವೀಪದ ತಪಾಸಣೆಗೆ ಬಂದ ಇಲಾಖೆಯ ಅಧಿಕಾರಿಣಿ ಗಾಬರಿಯಾಗಿ, “ಅಯ್ಯೋ, ಯಾರ ಕಡೆಯವರು ಇವರು? ಒಬ್ಬರೇ ಬಂದಿದ್ದಾರಾ?” ಎಂದು ಕೇಳಿದರು.

ನಲವತ್ತಾರು ವರ್ಷ ಅವರೊಂದಿಗೆ ಸಂಸಾರ ಮಾಡಿದ ಕಾಶೀಂಬಿ ಸೆರಗು ಬಿಗಿಮಾಡಿಕೊಂಡು, “ಯಾರೋ ಏನೋ ಗೊತ್ತಿಲ್ರಿ ಬಾಯಾರ. ಮುಖ ನೋಡಿದ್ರ ಗಜೇಂದ್ರಗಡದ ಕಡಿಯಾಂವ ಕಂಡಂಗ ಕಾಣತಾನ” ಎಂದರು.

ಹೆಂಡತಿ ಗಂಡನನ್ನು ಹೀಗೆ ಹಾಡಹಗಲೇ ಕೈಬಿಡಲು ಒಂದು ಕಾರಣವಿತ್ತು. ಅದನ್ನು ಹೇಳಬೇಕಾದರೆ ಮೊದಲು ಫಕ್ರುಸಾಬರನ್ನು ನೀರಿನಿಂದ ಮೇಲೆತ್ತಬೇಕು, ಆಮೇಲೆ ಗಜೇಂದ್ರಗಡಕ್ಕೆ ಹೋಗಬೇಕು. ದೋಣಿಯವನು ಮೊದಲನೆಯ ಕೆಲಸ ಮಾಡಿದ. ಎರಡನೆಯದು ನನ್ನ ಪಾಲಿನದು.

ನಮ್ಮ ಊರಿನಲ್ಲಿ ಗುಡ್ಡದ ಬುಡಕ್ಕೆ ಒಂದು ಓಣಿ ಇದೆ. ಗುಡ್ಡದ ಮೇಲೆ ಈಗ ಗಾಳಿಯಂತ್ರಗಳು ತಿರುಗುತ್ತವೆ, ಕೆಳಗೆ ಫಕ್ರುಸಾಬರು ಕೂತಿರುತ್ತಾರೆ. ಎರಡರಲ್ಲಿ ಹೆಚ್ಚು ಸದ್ದು ಮಾಡುವವರು ಫಕ್ರುಸಾಬರೇ. ಅವರದು ಟಾಕಿ ಹಾಕುವ ಕೆಲಸ. ಒರಳು, ಬೀಸುಕಲ್ಲು ಸವೆದು ನುಣ್ಣಗಾದಾಗ ಚಾಣದಿಂದ ಚುಚ್ಚಿ ಚುಚ್ಚಿ ಮತ್ತೆ ಒರಟು ಮಾಡುವುದು. ಕಿವಿಗೆ ಹಾಗೆ ಕೇಳಿದರೂ ಇದಕ್ಕೂ ಸಿನಿಮಾಕ್ಕೂ ಸಂಬಂಧವಿಲ್ಲ. ಆದರೆ ಫಕ್ರುಸಾಬರು ಅಂಗಳಕ್ಕೆ ಬಂದು ಕೂತರೆ ಓಣಿಯ ಹೆಂಗಸರೆಲ್ಲ ಬಂದು ಸುತ್ತ ನೆರೆಯುತ್ತಿದ್ದದ್ದು ಮಾತ್ರ ಹಳೆಯ ಟಾಕೀಸಿನ ಹಾಗೆಯೇ.

“ಟಾಕಿ ಹಾಕ್ತೀನ್ರ್ಯೋ, ಟಾಕೀ!” ಎಂದು ಕೂಗುತ್ತ ಅವರು ಲಕ್ಕಲಕಟ್ಟಿ, ನರೇಗಲ್, ರೋಣ ಎಲ್ಲ ಸುತ್ತಿದವರು. ಯಾವ ಮನೆಯ ಒರಳು ಎಷ್ಟು ಸವೆದಿದೆ ಎಂಬುದರಿಂದ ಆ ಮನೆಯ ಅತ್ತೆಯ ಸ್ವಭಾವ ಹೇಳುತ್ತಿದ್ದರು. ಒಂದು ಬದಿ ಮಾತ್ರ ಸವೆದಿದ್ದರೆ, “ಈ ಮನ್ಯಾಗ ಸೊಸಿ ಒಬ್ಬಾಕಿನ ರುಬ್ಬತಾಳ. ಅತ್ತಿ ಎದುರಿಗೆ ಕುಂತು ಕೈ ಹಚ್ಚಂಗಿಲ್ಲ” ಎನ್ನುವುದು. ಇದರಿಂದ ಕೆಲವು ಮನೆಗಳಲ್ಲಿ ಜಗಳ ಹತ್ತಿ, ಮುಂದಿನ ವರ್ಷ ಅವರಿಗೆ ಆ ಬಾಗಿಲು ಮುಚ್ಚಿರುತ್ತಿತ್ತು. ಆಮೇಲೆ ಮಿಕ್ಸರ್ ಬಂತು, ಒಂದೊಂದೇ ಬಾಗಿಲು ಮುಚ್ಚುವ ಕಷ್ಟ ತಪ್ಪಿತು. ಎಲ್ಲವೂ ಒಮ್ಮೆಲೇ ಮುಚ್ಚಿದವು. ಫಕ್ರುಸಾಬರು ಎದೆಗುಂದಲಿಲ್ಲ. ಹೊಸ್ತಿಲು ಕಡಿದರು, ಮೆಟ್ಟಿಲು ಕಡಿದರು, ಗೋರಿಗೆ ಕಲ್ಲು ನಿಲ್ಲಿಸಿದರು. “ಮಿಕ್ಸರಕ್ಕ ಹೊಸ್ತಲಾ ಮಾಡಾಕ ಬರತೈತೇನ?” ಎಂಬ ಅವರ ಪ್ರಶ್ನೆಗೆ ಕಂಪನಿಗಳು ಇನ್ನೂ ಉತ್ತರ ಕೊಟ್ಟಿಲ್ಲ.

ಗುಡ್ಡದ ಖಣಿಯ ಹಳೆಯ ಕೆಲಸಗಾರರಲ್ಲಿ ಒಂದು ಕಟ್ಟಳೆ ಉಂಟು. ಒಳಗೆ ಬಿರುಕಿರುವ ಕಲ್ಲು ಹೊರಗಿನಿಂದ ಚೆಂದವಾಗಿಯೇ ಕಾಣುತ್ತದೆ. ಚಾಣ ಇಟ್ಟಾಗ ಸಿಡಿದು ಕಣ್ಣು, ಕೈ ತೆಗೆಯುತ್ತದೆ. ಅದಕ್ಕೇ ಬೆರಳ ಗೆಣ್ಣಿನಿಂದ ಬಡಿದು ನೋಡುವುದು. ಗಟ್ಟಿ ಕಲ್ಲು ಟಣ್ ಎನ್ನುತ್ತದೆ, ಕೆಟ್ಟ ಕಲ್ಲು ಬದ್ ಎನ್ನುತ್ತದೆ. ಬದ್ ಎಂದದ್ದನ್ನು ಕೇಳಿದವನು ಸುಮ್ಮನೆ ಮುಂದೆ ಹೋಗುವಂತಿಲ್ಲ. ಹೆಬ್ಬೆರಳನ್ನು ಕಾವಿಯಲ್ಲಿ ಅದ್ದಿ ಆ ಕಲ್ಲಿಗೊಂದು ಕೆಂಪು ಬೊಟ್ಟು ಇಡಲೇಬೇಕು. ಇಡದೆ ಹೋದರೆ, ನಾಳೆ ಅದರಿಂದ ಯಾರ ಕೈ ಮುರಿದರೂ ಅದರ ಪಾಪ ಬೊಟ್ಟಿಡದವನಿಗೆ. ಕಲ್ಲು ಯಾರದೆಂಬುದು ಮುಖ್ಯವಲ್ಲ, ಕಿವಿ ಯಾರದೆಂಬುದು ಮುಖ್ಯ.

ಫಕ್ರುಸಾಬರು ಈ ಕಟ್ಟಳೆಯನ್ನು ಎಷ್ಟು ಪಾಲಿಸಿದರೆಂದರೆ, ಕಾಶೀಂಬಿಯನ್ನು ನೋಡಲು ನರಗುಂದಕ್ಕೆ ಹೋದ ದಿನ ಹೆಣ್ಣಿನ ಮುಖ ನೋಡುವ ಮೊದಲು ಆ ಮನೆಯ ಹೊಸ್ತಿಲು ಬಡಿದು ನೋಡಿದರು. ಅದು ಬದ್ ಎಂದಿತು. ಬೊಟ್ಟು ಇಟ್ಟರು. ಅಳಿಯ ಹೊಸ್ತಿಲಿಗೆ ಬೊಟ್ಟಿಟ್ಟು ಒಳಗೆ ಬಂದನಲ್ಲ, ಎಂಥ ಸಂಸ್ಕಾರ, ಎಂದು ಮಾವ ಅಲ್ಲಿಯೇ ಹೂಂ ಅಂದುಬಿಟ್ಟರು. ಮದುವೆಯಾಗಿ ಆರು ತಿಂಗಳಿಗೆ ಹೊಸ್ತಿಲು ಎರಡಾಯಿತು. “ಅವತ್ತ ನಮ್ಮಪ್ಪ ಹೊಸ್ತಲಾ ಬದ್ಲ ಮಾಡಿದ್ರ ಸಾಕಿತ್ತು, ಮಗಳ್ನ ಕೊಡೂದು ಬೇಕಿರ್ಲಿಲ್ಲ” ಎಂದು ಕಾಶೀಂಬಿ ಈಗಲೂ ಹೇಳುತ್ತಾರೆ.

ಇವರ ಮೊಮ್ಮಗಳು ಯಾಸ್ಮಿನ. ಧಾರವಾಡದಲ್ಲಿ ಭೂಗರ್ಭಶಾಸ್ತ್ರ ಓದಿದಳು. ಊರಿನಲ್ಲಿ ಯಾರಾದರೂ “ಮೊಮ್ಮಗಳು ಏನ್ ಓದ್ಯಾಳ್ರಿ?” ಎಂದರೆ ಫಕ್ರುಸಾಬರು, “ಮನಿತನದ ಉದ್ಯೋಗ ಬಿಟ್ಟಿಲ್ಲ. ನಾ ಕಲ್ಲ ಹೊಡದೆ, ಆಕಿ ಕಲ್ಲ ಓದಿದ್ಲು” ಎನ್ನುತ್ತಿದ್ದರು. ಓದಿದ ಮೇಲೆ ಅವಳಿಗೆ ಕರಾವಳಿಯ ಒಂದು ಸಣ್ಣ ಸಂರಕ್ಷಿತ ದ್ವೀಪದಲ್ಲಿ ತಾತ್ಪೂರ್ತಿಕ ಕೆಲಸ ಸಿಕ್ಕಿತು. ಆ ದ್ವೀಪದ ಹೆಸರು ನಾನು ಬರೆಯುವುದಿಲ್ಲ. ಬರೆದರೆ ಫಕ್ರುಸಾಬರನ್ನು ಮತ್ತೆ ಅಲ್ಲಿಗೆ ಬಿಡಲಿಕ್ಕಿಲ್ಲ. ಅಲ್ಲಿ ಆರು ಮೂಲೆಯ ಕಲ್ಲುಕಂಬಗಳು ಒತ್ತೊತ್ತಾಗಿ ನಿಂತಿವೆ, ಬೇಸಿಗೆಯಲ್ಲಿ ರೀವ ಎಂಬ ಕಡಲಹಕ್ಕಿಗಳು ಬಂದು ಮೊಟ್ಟೆಯಿಡುತ್ತವೆ. ಬಂದವರಿಗೆ ಕಂಬ ತೋರಿಸುವುದು, ಹಕ್ಕಿಯ ಗೂಡು ಕಾಯುವುದು, ಎರಡೂ ಯಾಸ್ಮಿನಳ ಕೆಲಸ. ಎರಡು ವರ್ಷದಿಂದ ಕಾಯುವ ಕೆಲಸ ಮಾಡುತ್ತ, ಕಾಯಂ ಆಗಲು ಕಾಯುತ್ತಿದ್ದಳು.

ಮಳೆಗಾಲಕ್ಕೆ ದೋಣಿ ನಿಲ್ಲುವ ಮೊದಲು ಒಮ್ಮೆ ಮೊಮ್ಮಗಳ ಕೆಲಸ ನೋಡಬೇಕೆಂದು ಕಾಶೀಂಬಿ ಹಟ ಹಿಡಿದರು. ನರೇಗಲ್ಲಿನ ಕಡಲೆ ವ್ಯಾಪಾರಿ ಅಂದಾನಪ್ಪ, ಫಕ್ರುಸಾಬರ ಬಾಲ್ಯದ ಗೆಳೆಯ, ತನ್ನ ಜೀಪು ತೆಗೆದ. ಕಡಲೆ ಮಾರಿದವನು ಕಡಲನ್ನೂ ಒಮ್ಮೆ ನೋಡಲಿ ಎಂದು ನಾನೇ ಅವನನ್ನು ಹುರಿದುಂಬಿಸಿದ್ದೆ. ಹಾಗೆ ನನಗೂ ಒಂದು ಸೀಟು ಸಿಕ್ಕಿತು. ನಾವು ಹುಬ್ಬಳ್ಳಿ ದಾಟಿದ ಮೇಲೆ ಯಾಸ್ಮಿನಳ ಫೋನು ಬಂತು.

“ಅಜ್ಜಿ, ಹೊಳ್ಳಿ ಹೋಗ್ರಿ. ನಾಳೆ ದೊಡ್ಡ ಮೇಡಂ ಬರ್ಲಿಕ್ಕತ್ತಾರ. ನನ್ನ ಕೆಲಸ ಕಾಯಂ ಮಾಡಬೇಕೋ ಬ್ಯಾಡೋ ಅಂತ ನೋಡಾಕ.”

“ಹಂಗಾದ್ರ ಚಲೋನ ಆತಲ್ಲ, ನಾವೂ ಬಂದು ಹೇಳ್ತೀವಿ” ಎಂದರು ಫಕ್ರುಸಾಬರು ಪಕ್ಕದಿಂದ.

ಫೋನು ಕಟ್ಟಾಯಿತು. ಘಟ್ಟ ಬಂದು ಸಿಗ್ನಲ್ ಹೋಯಿತೆಂದು ನಾವು ತಿಳಿದೆವು. ಘಟ್ಟ ಇನ್ನೂ ದೂರವಿತ್ತು.

ಅಂದು ಸಂಜೆ ಯಾಸ್ಮಿನ ಬಂದರಿನ ಹತ್ತಿರದ ಖಾನಾವಳಿಯಲ್ಲಿ ನಮ್ಮನ್ನು ಸಾಲಾಗಿ ಕೂರಿಸಿ ಮೂರು ಷರತ್ತು ಹಾಕಿದಳು. ಒಂದು, ನಾವು ಅವಳ ಕಡೆಯವರೆಂದು ಯಾರಿಗೂ ಗೊತ್ತಾಗಬಾರದು. “ಮೇಡಂ ಭಾಳ ಕಟ್ಟುನಿಟ್ಟು. ಚಪ್ಪಾಳಿ ಹೊಡಿಯಾಕ ಮನಿ ಮಂದೀನ್ನ ಕರಕೊಂಡು ಬಂದಾಳ ಅಂದ್ಕೊಂಡ್ರ ಮುಗೀತು.” ಎರಡು, ಯಾರೂ ಕಲ್ಲು ಮುಟ್ಟಬಾರದು. ಮೂರು, ಅಜ್ಜ ಕಲ್ಲಿನ ಬಗ್ಗೆ ಬಾಯಿ ಬಿಡಬಾರದು.

“ಮೂರೂ ನನಗ ಹೇಳಿದಂಗಾತಲ್ಲ ಇದು” ಎಂದರು ಫಕ್ರುಸಾಬರು.

“ನಿನಗ ಹೇಳಿದ್ದ ಅದು. ಇವರು ಸಾಕ್ಷಿಗೆ ಕುಂತಾರ.”

ಅವಳು ಅಜ್ಜನ ಚೀಲದಿಂದ ಚಾಣ, ಸುತ್ತಿಗೆ ತೆಗೆದು ತನ್ನ ಕೋಣೆಯಲ್ಲಿಟ್ಟು ಬೀಗ ಹಾಕಿದಳು. ಜುಬ್ಬಾದ ಕಿಸೆಯಲ್ಲಿ ಒಂದು ಸಣ್ಣ ತಗಡಿನ ಡಬ್ಬಿಯೂ ಇತ್ತು. ನಶ್ಯದ ಡಬ್ಬಿ ಇರಬೇಕೆಂದು ಬಿಟ್ಟಳು. ಫಕ್ರುಸಾಬರು ನಶ್ಯ ಸೇದುವುದಿಲ್ಲವೆಂಬುದು ಆ ಗಡಿಬಿಡಿಯಲ್ಲಿ ಅವಳಿಗೆ ನೆನಪಾಗಲಿಲ್ಲ. ನಮಗೆ ನೆನಪಾಯಿತು. ನಮ್ಮನ್ನು ಯಾರೂ ಕೇಳಲಿಲ್ಲ.

ಹೀಗಾಗಿ ಮರುದಿನ ಬೆಳಿಗ್ಗೆ ಆ ದೊಡ್ಡ ಮೇಡಂ ಎದುರಿಗೇ ಗಂಡ ಸಮುದ್ರದಲ್ಲಿ ಕೂತಿದ್ದರೂ ಕಾಶೀಂಬಿ ಅಪರಿಚಿತರಾಗಿಯೇ ಉಳಿದರು.

ದಡ ಹತ್ತಿದ ಮೇಲೆ ಯಾಸ್ಮಿನ ಎಲ್ಲರನ್ನೂ ಒಂದೆಡೆ ನಿಲ್ಲಿಸಿ ನಿಯಮ ಹೇಳಿದಳು. ಹಗ್ಗ ಕಟ್ಟಿದ ದಾರಿ ಬಿಟ್ಟು ಹೋಗಬಾರದು, ಕೂಗಬಾರದು. “ಕಲ್ಲಿನ ಮೇಲೆ ಅಲ್ಲಲ್ಲಿ ಕೆಂಪು ಬಣ್ಣದ ಬೊಟ್ಟು ಕಾಣುತ್ತದೆ. ಬೊಟ್ಟು ಇರುವಲ್ಲಿ ಹಕ್ಕಿಯ ಗೂಡಿದೆ ಎಂದು ಅರ್ಥ. ಸದ್ಯ ಒಂಬತ್ತು ಗೂಡು ಸಿಕ್ಕಿವೆ.”

ಅಧಿಕಾರಿಣಿ ಪಟ್ಟಿಯಲ್ಲಿ ಒಂಬತ್ತು ಎಂದು ಬರೆದುಕೊಂಡು, “ಒಂಬತ್ತು ಗೂಡಿಗೆ ಒಬ್ಬ ಕಾಯಂ ಕಾವಲು ಯಾಕೆ ಅಂತ ಮೇಲಿನವರು ಕೇಳ್ತಾರಮ್ಮ. ನಾನೇನು ಹೇಳಲಿ?” ಎಂದರು. ಧ್ವನಿಯಲ್ಲಿ ಕೆಡುಕಿರಲಿಲ್ಲ, ಅದೇ ಹೆಚ್ಚು ಭಯ ಹುಟ್ಟಿಸುವಂತಿತ್ತು. ಯಾಸ್ಮಿನಳ ಮುಖ ಸಣ್ಣದಾಯಿತು.

ನನ್ನ ಪಕ್ಕದಲ್ಲಿ ಫಕ್ರುಸಾಬರು ಉಗುಳು ನುಂಗಿದ ಸದ್ದು ಕೇಳಿಸಿತು. ಅವರ ಕಿವಿಗೆ ಗೂಡಿನ ಸಂಖ್ಯೆ ಬಿದ್ದಿರಲಿಲ್ಲ, ಕಣ್ಣಿಗೆ ಕಂಬಗಳು ಬಿದ್ದಿದ್ದವು. ಒಂದರ ಪಕ್ಕ ಒಂದು, ಆಳೆತ್ತರ, ಎರಡಾಳೆತ್ತರ, ಯಾರೋ ದಾರ ಹಿಡಿದು ಕಡಿದು ಜೋಡಿಸಿಟ್ಟಂತೆ ಸಾವಿರಾರು ಕಂಬಗಳು. ನಾನು ಆ ಮನುಷ್ಯನನ್ನು ಮಸೀದಿಯಲ್ಲಿ ನೋಡಿದವನಲ್ಲ. ಆದರೆ ಅಲ್ಲಿ ಹೀಗೆಯೇ ನಿಲ್ಲುತ್ತಿರಬಹುದು ಎನ್ನಿಸಿತು.

ಯಾಸ್ಮಿನ ವಿವರಿಸಿದಳು. ಕೋಟ್ಯಂತರ ವರ್ಷಗಳ ಹಿಂದೆ ಭೂಮಿಯೊಳಗಿಂದ ಬೆಂಕಿಯಂಥ ಕಲ್ಲಿನ ರಸ ಉಕ್ಕಿ ಬಂದು, ನಿಧಾನಕ್ಕೆ ಆರುತ್ತ ಆರುತ್ತ, ಕೆರೆಯ ಕೆಸರು ಒಣಗಿ ಬಿರಿದಂತೆ ಬಿರಿದು, ಹೀಗೆ ಆರು ಮೂಲೆಯ ಕಂಬಗಳಾದವು. “ಇದನ್ನು ಯಾರೂ ಕಡಿದದ್ದಲ್ಲ. ತಾನಾಗಿಯೇ ಆದದ್ದು.”

ಫಕ್ರುಸಾಬರ ಮುಖ ನೋಡಬೇಕಿತ್ತು. ಎದುರಿಗೇ ನಿಲ್ಲಿಸಿ, ನಿಮ್ಮ ಅಪ್ಪ ಇರಲೇ ಇಲ್ಲ ಎಂದು ಹೇಳಿದರೆ ಹೇಗಾಗುತ್ತದೆಯೋ ಹಾಗಿತ್ತು. ಅವರು ಅಂದಾನಪ್ಪನ ಕಿವಿಗೆ ಬಗ್ಗಿದರು.

“ಅಂದಾನಿ, ಈ ಹುಡುಗಿ ಏನ್ ಹೇಳ್ತಾಳೋ? ಮೇಸ್ತ್ರಿ ಕೂಲಿ ತಗೊಳ್ಳದ ಹ್ವಾದ ಅನ್ಲಿ, ಕೇಳೋಣು. ಮೇಸ್ತ್ರಿನ ಇರ್ಲಿಲ್ಲ ಅಂದ್ರ?”

“ಬಾಯಿ ಮುಚ್ಚು, ಷರತ್ತ ಐತಿ.”

“ಆ ಕಂಬ ನೋಡು. ಐದು ಮೂಲಿ ಬರೋಬರಿ ಅದಾವು, ಒಂದು ಮೂಲಿ ಎರಡು ಬೆರಳು ತಪ್ಪೈತಿ. ತಪ್ಪೈತಿ ಅಂದ್ರ ಮನಶ್ಯಾನ ಮಾಡ್ಯಾನ. ತಾನ ಆಗಿದ್ರ ತಪ್ಪು ಯಾಕ ಆಕ್ಕಿತ್ತು?”

“ನಿನ್ನ ಕೈಯಾಗ ಆರೂ ಮೂಲಿ ತಪ್ಪತಿದ್ವು. ಅದಕ್ಕ ಇದು ನೀ ಮಾಡಿದ್ದಲ್ಲ ಅಂತ ಮಾತ್ರ ನಾ ಹೇಳಬಲ್ಲೆ.”

“ಅಲ್ಲಿ ಯಾರೋ ಮಾತಾಡ್ತಿದ್ದೀರಲ್ಲ, ಏನಾದರೂ ಸಂದೇಹವೇ?” ಎಂದರು ಅಧಿಕಾರಿಣಿ.

ಫಕ್ರುಸಾಬರು ಬಾಯಿ ತೆರೆದರು. ಯಾಸ್ಮಿನ ಅವರನ್ನೇ ನೋಡಿದಳು. ಕಾಶೀಂಬಿ ಕೆಮ್ಮಿದರು. ಅರ್ಧ ಶತಮಾನದ ವಿದ್ಯೆ ಗಂಟಲಲ್ಲೇ ಸಿಕ್ಕಿಕೊಂಡು, ಕೊನೆಗೆ, “ಏನಿಲ್ರಿ, ಬಿಸಲು ಭಾಳ ಐತಿ” ಎಂದಾಗಿ ಹೊರಬಂತು.

ಗುಂಪು ಮುಂದೆ ಸಾಗಿತು. ಅಧಿಕಾರಿಣಿಗೆ ಹಕ್ಕಿ ತೋರಿಸುತ್ತ ಯಾಸ್ಮಿನ ಮುಂದೆ ಹೋದಳು. ಎಳನೀರು ಸಿಗುತ್ತದೆಯೇ ಎಂದು ಅಂದಾನಪ್ಪ ದೋಣಿಯವನನ್ನು ವಿಚಾರಿಸುತ್ತಿದ್ದ. ಬಾಯಿಗೆ ಬೀಗ ಬಿದ್ದ ಮನುಷ್ಯನ ಕೈ ಸುಮ್ಮನಿರುವುದಿಲ್ಲ ಎಂದು ನಾನಾದರೂ ಯೋಚಿಸಬೇಕಿತ್ತು. ನಾನು ಚಪ್ಪಲಿಯೊಳಗಿನ ಮರಳು ಕೊಡವುತ್ತಿದ್ದೆ.

ಆಮೇಲೆ ಅವರೇ ಹೇಳಿದ ಪ್ರಕಾರ ನಡೆದದ್ದು ಇಷ್ಟು. ಹಗ್ಗದ ಪಕ್ಕದಲ್ಲೇ ಇದ್ದ ಒಂದು ಕಂಬಕ್ಕೆ ಅವರ ಕೈ ತಾನಾಗಿಯೇ ತಾಗಿತು. ತಾಗಿದ ಗೆಣ್ಣು ತಾನಾಗಿಯೇ ಬಡಿಯಿತು. ಟಣ್. ಸಂತೋಷವಾಯಿತು. ಮುಂದಿನದು ಟಣ್. ಅದರ ಮುಂದಿನದು ಬದ್ ಎಂದಿತು. ಈಗ ಏನು ಮಾಡಬೇಕು? ಸುತ್ತ ಅಷ್ಟು ಜನ ಓಡಾಡುವ ಜಾಗ, ನಾಳೆ ಯಾರಾದರೂ ಕಾಲಿಟ್ಟರೆ? ಕಿವಿಯಂತೂ ಕೇಳಿಬಿಟ್ಟಿದೆ. ಡಬ್ಬಿ ತೆಗೆದರು. ಕಾವಿ ಕಲೆಸಲು ನೀರು ಬೇಕಲ್ಲ? ಅರ್ಧ ಸಮುದ್ರ ಅವರ ಜುಬ್ಬಾದಲ್ಲೇ ಇತ್ತು. ಅಂಚು ಹಿಂಡಿದರು, ಹೆಬ್ಬೆರಳು ಅದ್ದಿದರು, ಬೊಟ್ಟಿಟ್ಟರು. ಒಂದಕ್ಕಿಟ್ಟು ಇನ್ನೊಂದಕ್ಕಿಡದೆ ಬಿಟ್ಟರೆ ನ್ಯಾಯವಲ್ಲ. ಹಗ್ಗ ದಾಟಿದರು.

ಕಾಲು ಗಂಟೆಯಾಗಿರಬೇಕು. ಎತ್ತರದ ಬಂಡೆಯ ಮೇಲಿಂದ ದುರ್ಬೀನು ಹಿಡಿದು ನೋಡುತ್ತಿದ್ದ ಅಧಿಕಾರಿಣಿ ಒಮ್ಮೆಲೇ, “ಏನಮ್ಮ ಇದು?” ಎಂದರು. “ಒಂಬತ್ತು ಅಂದಿರಿ. ನಾನು ಮೂವತ್ತು ಬೊಟ್ಟು ಎಣಿಸಿದೆ! ಇಷ್ಟು ಕಡಿಮೆ ಹೇಳೋದಾ? ಮೂವತ್ತು ಗೂಡು ಅಂದ್ರೆ ಸಣ್ಣ ಮಾತಾ? ಕಾಯಂ ಕಾವಲು ಬೇಕೇ ಬೇಕು ಅಂತ ಕಣ್ಣು ಮುಚ್ಚಿ ಬರೀಬಹುದು!”

ಯಾಸ್ಮಿನ ದುರ್ಬೀನು ಇಸಿದುಕೊಂಡು ನೋಡಿದಳು. ಇಲಾಖೆಯ ಬಣ್ಣ ಬೇರೆ, ಕಾವಿಯ ಬಣ್ಣ ಬೇರೆ. ತೊಟ್ಟಿಲಲ್ಲಿದ್ದಾಗಿನಿಂದ ಅಂಗಳದಲ್ಲಿ ನೋಡಿದ ಬಣ್ಣ ಅದು; ಅಜ್ಜನ ಹೆಬ್ಬೆರಳಿನ ಅಗಲ ಕೂಡ ಅವಳಿಗೆ ಗೊತ್ತು. ಎರಡು ವರ್ಷ ಕಾದದ್ದು ಆ ಇಪ್ಪತ್ತೊಂದು ಬೊಟ್ಟುಗಳಲ್ಲಿ ಕೈಗೆ ಬಂದು ನಿಂತಿತ್ತು. ಬೇಕಾದದ್ದು ಇಷ್ಟೇ, ಏನೂ ಹೇಳದೆ ಇರುವುದು. ಕಾಶೀಂಬಿಗೂ ಅರ್ಥವಾಗಿತ್ತು, ದೂರದಿಂದಲೇ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು.

ಯಾಸ್ಮಿನ ದುರ್ಬೀನು ಕೆಳಗಿಳಿಸಿದಳು.

“ಇಲ್ಲ ಮೇಡಂ. ಗೂಡು ಒಂಬತ್ತೇ. ಉಳಿದ ಬೊಟ್ಟು ನಮ್ಮವಲ್ಲ.”

“ಮತ್ತೆ ಯಾರದು?”

ಎರಡು ಕಂಬಗಳ ನಡುವಿನಿಂದ ಒದ್ದೆ ಜುಬ್ಬಾ, ನೆಟ್ಟಗಿನ ಟೋಪಿ, ಕೆಂಪು ಹೆಬ್ಬೆರಳು ಹೊರಬಂದವು.

“ರೀ ಯಜಮಾನರ, ಹಿಂಗ ಬರ್ರಿ ಇಲ್ಲಿ!” ಎಂದಳು ಯಾಸ್ಮಿನ. ಆ ಧ್ವನಿ ಅವಳು ಅಜ್ಜಿಯಿಂದ ಪಡೆದದ್ದು. ಫಕ್ರುಸಾಬರು ಸಾಲಿಗೆ ತಡವಾಗಿ ಬಂದವರಂತೆ ಬಂದು ನಿಂತರು. “ಮುಟ್ಟಬ್ಯಾಡ್ರಿ ಅಂತ ಹೇಳಿರ್ಲಿಲ್ಲ ನಾ? ಹಗ್ಗ ದಾಟಬ್ಯಾಡ್ರಿ ಅಂತ ಹೇಳಿರ್ಲಿಲ್ಲ?”

ಫಕ್ರುಸಾಬರು ಮಾತಾಡಲಿಲ್ಲ. ಮೂರನೆಯ ಷರತ್ತು ಒಂದಾದರೂ ಉಳಿಯಲಿ ಎಂದಿರಬೇಕು.

“ಯಾಕ ಸುಮ್ಮ ನಿಂತೀರಿ ಯಜಮಾನರ? ಯಾವೂರ ನಿಮ್ದು? ಮನ್ಯಾಗ ಬುದ್ಧಿ ಹೇಳವ್ರು ಯಾರೂ ಇಲ್ಲೇನ?” ಎಂದ ಅಂದಾನಪ್ಪ. ಇಂಥ ಅವಕಾಶ ಅವನಿಗೆ ಅರವತ್ತು ವರ್ಷದಲ್ಲಿ ಸಿಕ್ಕಿರಲಿಲ್ಲ.

“ಮನ್ಯಾಗ ಹೇಳಿ ಹೇಳಿ ಸಾಕಾಗಿ ಬಿಟ್ಟಿರಬೇಕ್ರಿ ಪಾಪ” ಎಂದು ಅಪರಿಚಿತ ಮಹಿಳೆಯಾದ ಕಾಶೀಂಬಿ ದನಿಗೂಡಿಸಿದರು.

ಅಧಿಕಾರಿಣಿ ಗದರಿಸಿ ಕೇಳಿದ ಮೇಲೆ ಫಕ್ರುಸಾಬರು ಯಾಸ್ಮಿನಳ ಕಡೆ ನೋಡಿ, ಅನುಮತಿ ಸಿಕ್ಕಿತೋ ಇಲ್ಲವೋ ತಿಳಿಯದೆ, ಟಣ್ ಮತ್ತು ಬದ್‌ಗಳ ಕಟ್ಟಳೆಯನ್ನು ಸಣ್ಣ ದನಿಯಲ್ಲಿ ಹೇಳಿದರು. “ಕೆಟ್ಟ ಕಲ್ಲು ಅದಾವ್ರಿ ಬಾಯಾರ ಇವು. ಬೊಟ್ಟ ಇಡದ ಹೋದ್ರ ಪಾಪ ನನಗ ಬರತೈತಿ.”

“ಇಟ್ಟದ್ದರಿಂದ ಬಂದಿದೆ” ಎಂದರು ಅಧಿಕಾರಿಣಿ. “ಇದು ಸಂರಕ್ಷಿತ ಜಾಗ. ಒಂದೂ ಬಿಡದೆ ಒರೆಸಿ. ಆಮೇಲೆ ವರದಿಯ ಮಾತು.”

ಯಾಸ್ಮಿನ ತನ್ನ ದುಪಟ್ಟಾದ ತುದಿ ನೀರಿನಲ್ಲಿ ಅದ್ದಿಕೊಂಡು ಮೊದಲನೆಯ ಕಲ್ಲಿನ ಮುಂದೆ ಕೂತಳು. ಅಳುತ್ತಿದ್ದಳೋ, ಉಪ್ಪುಗಾಳಿಯೋ, ಹೇಳಲಾರೆ. ಒರೆಸಲು ಕೈ ಚಾಚಿದವಳು ಹಾಗೆಯೇ ತಡೆದಳು. ಕಲ್ಲಿನ ಬುಡದ ಸಂದಿಗೆ ಕಿವಿಯಿಟ್ಟಳು. ಒಳಗಿನಿಂದ, ಹೊಸ ಚಪ್ಪಲಿ ಕಿರುಗುಟ್ಟಿದಂಥ ಒಂದು ಸಣ್ಣ ಸದ್ದು ಬರುತ್ತಿತ್ತು. ಟಾರ್ಚು ಹಾಕಿ ನೋಡಿದಳು. ಕತ್ತಲೆಯ ಆಳದಲ್ಲಿ ಒಂದು ಹಕ್ಕಿ ಮೊಟ್ಟೆಯ ಮೇಲೆ ಕೂತು, ಯಾರಪ್ಪ ಬಾಗಿಲು ಬಡಿದದ್ದು ಎಂಬಂತೆ ಅವಳನ್ನು ದುರುಗುಟ್ಟಿ ನೋಡುತ್ತಿತ್ತು.

“ಮೇಡಂ!” ಎಂದಳು. ಕೂಗಬಾರದೆಂಬ ನಿಯಮ ಮೊದಲು ಮುರಿದವಳು ಅವಳೇ.

ರೀವಗಳು ಬಯಲಿನಲ್ಲಷ್ಟೇ ಅಲ್ಲ, ಕಲ್ಲಿನ ಸಂದಿಯೊಳಗೂ ಮೊಟ್ಟೆಯಿಡುತ್ತವಂತೆ. ಆದರೆ ಎರಡು ವರ್ಷದಲ್ಲಿ ಇಲಾಖೆಯವರಿಗೆ ಮೇಲಿನಿಂದ ನೋಡಿ ಕಂಡದ್ದು ಒಂಬತ್ತು ಮಾತ್ರ. ಬಿರುಕಿರುವ ಕಲ್ಲು ಬದ್ ಎನ್ನುತ್ತದೆ. ಒಳಗೆ ಪುಕ್ಕ, ಕಸಕಡ್ಡಿ ತುರುಕಿದ್ದರೂ ಅದು ಟಣ್ ಎನ್ನಲಾರದು. ಒಂದೊಂದೇ ಬೊಟ್ಟಿನ ಬುಡಕ್ಕೆ ಟಾರ್ಚು ಬಿಡುತ್ತ ಅವರಿಬ್ಬರೂ ಮೊಣಕಾಲೂರಿ ಸುತ್ತಿದರು. ಇಪ್ಪತ್ತೊಂದರಲ್ಲಿ ಹದಿನಾಲ್ಕು ಕಡೆ ಗೂಡಿತ್ತು. ಹದಿನಾಲ್ಕನೆಯದನ್ನು ನೋಡಿ ಎದ್ದಾಗ ಅಧಿಕಾರಿಣಿಯ ಸೀರೆಯಲ್ಲಿ ಇಲಾಖೆಯ ಗಾಂಭೀರ್ಯ ಸ್ವಲ್ಪವೂ ಉಳಿದಿರಲಿಲ್ಲ, ಬರೀ ಮರಳು.

“ಉಳದ ಏಳು ಖರೇನ ಕೆಟ್ಟಾವ ನೋಡ್ರಿ. ಅವನ್ನ ಒರಸಬ್ಯಾಡ್ರಿ” ಎಂದರು ಫಕ್ರುಸಾಬರು.

“ಇಪ್ಪತ್ತಮೂರು ಗೂಡು!” ಎಂದು ಅಧಿಕಾರಿಣಿ ಪಟ್ಟಿಯಲ್ಲಿ ತಿದ್ದಿ, ಅದರ ಕೆಳಗೆ ಎರಡು ಗೆರೆ ಎಳೆದರು. ಆಮೇಲೆ ಯಾಸ್ಮಿನಳ ಕಡೆ ತಿರುಗಿ, “ಆಗ ಮೂವತ್ತು ಅಂತ ನಾನೇ ಬರೀತಿದ್ದೆ. ಒಂಬತ್ತು ಅಂದ್ಯಲ್ಲ, ಅದಕ್ಕೇ ಈ ಇಪ್ಪತ್ತಮೂರನ್ನ ನಂಬ್ತೀನಿ” ಎಂದರು. ಅಂದಾನಪ್ಪ ಚಪ್ಪಾಳೆ ಹೊಡೆಯಲು ಎತ್ತಿದ ಕೈಯನ್ನು ಕಾಶೀಂಬಿ ಹಿಡಿದು ಕೆಳಗಿಳಿಸಿದರು.

ದೋಣಿ ಕಾಯುತ್ತಿತ್ತು. ಅಧಿಕಾರಿಣಿ ಒಂದು ಬಂಡೆಯ ಮೇಲೆ ಕೂತು ವರದಿಯ ನಮೂನೆಯ ಕೊನೆಯ ಪುಟ ತೆಗೆದರು. “ಇನ್ನೊಂದೇ ಉಳಿದಿದೆ. ಗೈಡ್ ಹೇಳಿದ್ದು ಜನರಿಗೆ ಎಷ್ಟು ಮನವರಿಕೆಯಾಯಿತು ಅಂತ ಒಬ್ಬ ಪ್ರವಾಸಿಗರ ಮಾತು ಇಲ್ಲಿ ಬರೀಬೇಕು. ಸಂಬಂಧವಿಲ್ಲದ ಹೊರಗಿನವರು ಯಾರಾದರೂ ಆಗಬಹುದು.” ಅವರ ಕಣ್ಣು ನಮ್ಮ ಮೇಲೆಲ್ಲ ಹಾದು, ಬಿಸಿಲಿಗೆ ಜುಬ್ಬಾ ಆರಿಸಿಕೊಳ್ಳುತ್ತಿದ್ದ ಫಕ್ರುಸಾಬರ ಮೇಲೆ ನಿಂತಿತು. “ಇವರಿಗಿಂತ ಒಳ್ಳೆಯವರು ಬೇಕಾ? ಬನ್ನಿ ಯಜಮಾನರೇ.”

ಯಾಸ್ಮಿನ ಕಣ್ಣು ಮುಚ್ಚಿಕೊಂಡಳು.

ಫಕ್ರುಸಾಬರು ಮುಂದೆ ಬಂದು ಕೈಕಟ್ಟಿ ನಿಂತರು. ಅಧಿಕಾರಿಣಿ ಪೆನ್ನು ಸಜ್ಜು ಮಾಡಿಕೊಂಡು ಬಹಳ ಗೌರವದಿಂದ ಕೇಳಿದರು: “ನೀವು ಇಡೀ ಬದುಕು ಕಲ್ಲಿನ ಜೊತೆ ಕಳೆದವರು. ಈ ಹುಡುಗಿ ಹೇಳಿದ್ದನ್ನೂ ಕೇಳಿದ್ದೀರಿ, ಕಂಬಗಳನ್ನು ಕೈಯಾರೆ ಮುಟ್ಟಿಯೂ 
ನೋಡಿದ್ದೀರಿ. ಇವನ್ನು ಯಾರೂ ಕಡಿದಿಲ್ಲ, ತಾವಾಗಿಯೇ ಆದವು ಅಂತ ಈಗ ಒಪ್ಪುತ್ತೀರಾ?”

ಫಕ್ರುಸಾಬರು ಕಂಬಗಳ ಕಡೆ ಬಹಳ ಹೊತ್ತು ನೋಡಿದರು. ಆ ತಪ್ಪಿದ ಮೂಲೆಯನ್ನೇ ಹುಡುಕುತ್ತಿದ್ದರೆಂದು ನನಗೂ ಅಂದಾನಪ್ಪನಿಗೂ ಗೊತ್ತು. ಆಮೇಲೆ ಕಣ್ಣು ಮುಚ್ಚಿ ನಿಂತಿದ್ದ ಯಾಸ್ಮಿನಳನ್ನು ನೋಡಿದರು. ಗಂಟಲು ಸರಿಮಾಡಿಕೊಂಡರು.

“ಮೊಮ್ಮಗಳ ನೌಕರಿ ಕಾಯಂ ಆಗೂಮಟಾ ಒಪ್ಪತೀನ್ರಿ ಬಾಯಾರ.”